ಪಾತ್ರಾಭಿನಯದ ಆಟ ನಡೆಸಲು ತಂತ್ರಾಂಶ: ಗಣಕಕ್ಕೆ ಎಷ್ಟು ಒಪ್ಪಿಸಬೇಕು?

ಪ್ರಶ್ನೆ: ಸರಸ್ವತೀಪುರ ನಿವಾಸಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಸರಸ್ವತೀಪುರದಲ್ಲಿರುವ ನಮ್ಮ ಮನೆಯಲ್ಲಿ ಭಾನುವಾರದ ಮಧ್ಯಾಹ್ನ ಕೆಲವು ಗೆಳೆಯರು ಸೇರಿ ಪಾತ್ರಾಭಿನಯದ ಆಟವನ್ನು, ಅಂದರೆ ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮನ್ನು, ಕನ್ನಡದಲ್ಲಿಯೇ ಆಡುತ್ತೇವೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತ, ದಾಳ ಹಾಕಿ ಫಲ ತಿಳಿಯುತ್ತ ಕಥೆ ಬೆಳೆಸುವ ಆಟವಿದು. ಗೇಮ್ ಮಾಸ್ಟರ್ ಆಗಿ ಆಟ ನಡೆಸುವ ಹೊಣೆ ನನ್ನದು. ನಿಯಮಗಳಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪ್ರಸಿದ್ಧ ಆಟದ ಐದನೆಯ ಆವೃತ್ತಿಯ ಮೂಲ ನಿಯಮಪಠ್ಯವನ್ನು ಆಧರಿಸಿದ್ದೇವೆ. 2023ರ ಜನವರಿಯಲ್ಲಿ ಆ ಪಠ್ಯವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆಯಾದ ಮೇಲೆ, ಮೂಲವನ್ನು ಹೆಸರಿಸಿದರೆ ಅನುವಾದಿಸಿ ಹಂಚಿಕೊಳ್ಳಲು ಅಡ್ಡಿಯಿಲ್ಲವಾದ್ದರಿಂದ, ಬೇಕಾದ ಭಾಗಗಳನ್ನು ಕನ್ನಡದಲ್ಲಿ ಬರೆದುಕೊಂಡಿದ್ದೇವೆ. ಕಥೆಯ ಲೋಕ ಮಾತ್ರ ನಮ್ಮದೇ. ನದಿಯ ಎರಡು ಕವಲುಗಳ ನಡುವೆ ಒಂದು ದ್ವೀಪ, ಅದರ ಕೋಟೆ, ನೀರಬಾಗಿಲು, ಸುತ್ತಲಿನ ನಾಲೆಗಳು, ಸ್ವಲ್ಪ ದೂರದಲ್ಲಿ ಕಲ್ಯಾಣಿಯಿರುವ ಒಂದು ಬೆಟ್ಟದ ಊರು. ಶ್ರೀರಂಗಪಟ್ಟಣವನ್ನೂ ಮೇಲುಕೋಟೆಯನ್ನೂ ಕಂಡವರಿಗೆ ಇದು ಎಲ್ಲಿಂದ ಬಂದಿತೆಂದು ಬೇಗ ತಿಳಿಯುತ್ತದೆ.

ಕಥೆ ಬೆಳೆದಂತೆ ನಡೆಸುವುದು ಕಷ್ಟವಾಗುತ್ತಿದೆ. ಯಾವ ತೂಬಿನ ಕಾವಲುಗಾರನಿಗೆ ಯಾರು ಯಾವ ಮಾತು ಕೊಟ್ಟಿದ್ದರು, ಬೆಟ್ಟದ ಊರಿನ ಅರ್ಚಕರಿಗೆ ಕೋಟೆಯ ರಹಸ್ಯ ಎಷ್ಟು ಗೊತ್ತಿದೆ ಎಂಬಂಥ ವಿವರಗಳು ಹಲವು ನೋಟುಪುಸ್ತಕಗಳಲ್ಲಿ ಚದುರಿಹೋಗಿವೆ. ಕಾಳಗದ ಹೊತ್ತಿನಲ್ಲಿ ಇನ್ನೂ ತೊಡಕು. ಏಳೆಂಟು ಶತ್ರುಗಳು ಒಟ್ಟಿಗೆ ಬಂದರೆ ಅವರ ಸರದಿ, ಉಳಿದ ಹಿಟ್ ಪಾಯಿಂಟುಗಳು (ಎಷ್ಟು ಏಟು ತಾಳಬಲ್ಲರೆಂಬ ಅಂಕ), ಯಾರು ನೆಲಕ್ಕೆ ಬಿದ್ದಿದ್ದಾರೆ, ಯಾರಿಗೆ ವಿಷವೇರಿದೆ ಎಂಬುದನ್ನೆಲ್ಲ ಕಾಗದದಲ್ಲಿ ತಿದ್ದುತ್ತ ಕೂರುವುದರಲ್ಲಿ ಆಟದ ಬಿಸಿಯೇ ಆರಿಹೋಗುತ್ತದೆ.

ಆಟಗಾರರು ಒಟ್ಟು ಐವರು. ಅವರಲ್ಲಿ ಇಬ್ಬರು ಮಂಡ್ಯದಿಂದ ರೈಲಿನಲ್ಲಿ ಬರುತ್ತಾರೆ. ಒಬ್ಬರಿಗೆ ಈಗ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿರುವುದರಿಂದ, ಅವರು ಅಲ್ಲಿಂದಲೇ ಸೇರಿಕೊಳ್ಳಲು ಬಯಸುತ್ತಾರೆ. ನಮ್ಮ ಬೀದಿಯಲ್ಲಿ ಕರೆಂಟು ಆಗಾಗ ಹೋಗುತ್ತದೆ, ಇಂಟರ್‌ನೆಟ್ಟನ್ನೂ ಪೂರ್ತಿ ನಂಬುವಂತಿಲ್ಲ.

ಎಲ್ಲವನ್ನೂ ಮಾಡುವ ಒಂದು ದೊಡ್ಡ ತಂತ್ರಾಂಶವನ್ನು ಕಲಿಯುವುದು ಒಳ್ಳೆಯದೋ, ಚಿಕ್ಕಪುಟ್ಟ ಸಾಧನಗಳು ಸಾಕೋ ಎಂಬುದು ನನ್ನ ಮುಖ್ಯ ಪ್ರಶ್ನೆ. ಇಂಥ ತಂತ್ರಾಂಶಗಳಲ್ಲಿ ಕನ್ನಡ ಎಷ್ಟರಮಟ್ಟಿಗೆ ಸರಿಯಾಗಿ ನಡೆಯುತ್ತದೆ, ದಾಳವನ್ನೂ ಗಣಕಕ್ಕೆ ಬಿಡಬೇಕೆ ಎಂಬುದನ್ನೂ ಬಳಸಿ ತಿಳಿದವರು ದಯವಿಟ್ಟು ಹೇಳಬೇಕು. ಎದುರುಬದುರು ಕೂತು ಮಾತಾಡುವ ಸುಖಕ್ಕಾಗಿಯೇ ನಾವು ಈ ಆಟಕ್ಕೆ ಬಂದವರು. ಎಲ್ಲರೂ ಪರದೆ ನೋಡುತ್ತ ಕೂರುವಂತಾಗಬಾರದು ಎಂಬುದು ನನ್ನ ಆಸೆ.

ಉತ್ತರ: ವಿಶ್ವೇಶ್ವರಯ್ಯ ನಾಲೆ (ಮಂಡ್ಯ)

ತಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ಕೆಲಸಗಳು ತಂತ್ರಾಂಶವೆಂಬ ಒಂದೇ ಹೆಸರಿನಡಿ ಸೇರಿಕೊಂಡಿವೆ. ಕಥೆಯ ವಿವರಗಳನ್ನು ನೆನಪಿಟ್ಟುಕೊಳ್ಳುವುದು ಒಂದು ಕೆಲಸ. ಕಾಳಗದ ಲೆಕ್ಕ ಇಡುವುದು ಮತ್ತೊಂದು. ನಕ್ಷೆಯನ್ನು ಎಲ್ಲರೂ ಏಕಕಾಲಕ್ಕೆ ನೋಡುವಂತೆ ಮಾಡುವುದು ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯದು. ವರ್ಚುವಲ್ ಟೇಬಲ್‌ಟಾಪ್ ಎಂದು ಕರೆಯುವ ದೊಡ್ಡ ತಂತ್ರಾಂಶಗಳು, ಅಂದರೆ 2004ರಿಂದ ಇರುವ ಫ್ಯಾಂಟಸಿ ಗ್ರೌಂಡ್ಸ್, 2012ರಲ್ಲಿ ಬಂದ ರೋಲ್20, 2020ರಲ್ಲಿ ಬಂದ ಫೌಂಡ್ರಿ ಮೊದಲಾದವು, ಮೂರನೆಯ ಕೆಲಸವನ್ನು ಕೇಂದ್ರದಲ್ಲಿಟ್ಟುಕೊಂಡು ಉಳಿದೆರಡನ್ನು ಅದರ ಸುತ್ತ ಕಟ್ಟಿರುವಂಥವು. ದೂರದೂರದ ಊರುಗಳಲ್ಲಿರುವವರು ಒಂದೇ ಮೇಜಿಗೆ ಕೂಡಲೆಂಬುದು ಅವುಗಳ ಉದ್ದೇಶ. ತಮ್ಮ ಐವರಲ್ಲಿ ನಾಲ್ವರು ಆಗಲೇ ಒಂದು ಮೇಜಿನ ಸುತ್ತ ಇದ್ದಾರೆ. ಆದ್ದರಿಂದ ಮೊದಲೆರಡು ಕೆಲಸಗಳನ್ನು ಚಿಕ್ಕ ಸಾಧನಗಳಿಂದ ಸರಿಪಡಿಸಿಕೊಂಡು, ಆಮೇಲೂ ಕೊರತೆ ಕಂಡರೆ ಮಾತ್ರ ದೊಡ್ಡದಕ್ಕೆ ಹೋಗಿ ಎಂಬುದು ನನ್ನ ಸಲಹೆ.

ಟಿಪ್ಪಣಿಗಳ ವಿಷಯದಲ್ಲಿ ನಾನು ಆಬ್ಸಿಡಿಯನ್ ಎಂಬ ತಂತ್ರಾಂಶವನ್ನು ನೆಚ್ಚಿಕೊಂಡಿದ್ದೇನೆ. ಅದು ಪ್ರತಿ ಟಿಪ್ಪಣಿಯನ್ನೂ ನಮ್ಮದೇ ಗಣಕದಲ್ಲಿ ಸರಳ ಪಠ್ಯದ ಕಡತವಾಗಿ ಇಡುತ್ತದೆ. ನಾಳೆ ಆ ತಂತ್ರಾಂಶವೇ ಇಲ್ಲವಾದರೂ ಬರೆದದ್ದು ಯಾವ ನೋಟ್‌ಪ್ಯಾಡಿನಲ್ಲಾದರೂ ತೆರೆಯುತ್ತದೆ. ಒಂದು ಹೆಸರನ್ನು ಎರಡು ಜೋಡಿ ಚೌಕಾವರಣದೊಳಗೆ ಬರೆದರೆ ಅದು ಆ ಹೆಸರಿನ ಟಿಪ್ಪಣಿಗೆ ಕೊಂಡಿಯಾಗುತ್ತದೆ. ಮುಂದೆ ಆ ಟಿಪ್ಪಣಿಯನ್ನು ತೆರೆದಾಗ ಅದನ್ನು ಎಲ್ಲೆಲ್ಲಿ ಪ್ರಸ್ತಾಪಿಸಿದ್ದೇವೆ ಎಂಬ ಪಟ್ಟಿಯೂ ಸಿಗುತ್ತದೆ. ತಮ್ಮ ತೂಬಿನ ಕಾವಲುಗಾರನಿಗೆ ಒಂದು ಟಿಪ್ಪಣಿ ಮಾಡಿ, ಪ್ರತಿ ಭಾನುವಾರದ ಆಟದ ವರದಿಯಲ್ಲಿ ಅವನ ಹೆಸರನ್ನು ಕೊಂಡಿಯಾಗಿ ಬರೆಯುತ್ತ ಹೋದರೆ, ಯಾರು ಅವನಿಗೆ ಯಾವ ಮಾತು ಕೊಟ್ಟರು ಎಂಬುದು ತಾನಾಗಿಯೇ ಒಂದೆಡೆ ಕೂಡಿಬರುತ್ತದೆ. ಆಟಕ್ಕೆ ಮುಂಚೆ ಲೋಕವನ್ನೆಲ್ಲ ಬರೆದಿಡುವ ಉತ್ಸಾಹವನ್ನು ಮಾತ್ರ ತಡೆದುಕೊಳ್ಳಬೇಕು. ಆಟಗಾರರು ಕಾಲಿಡದ ಊರಿನ ಬಗ್ಗೆ ಪುಟಗಟ್ಟಲೆ ಬರೆದರೆ ಅವರನ್ನು ಅಲ್ಲಿಗೆ ಎಳೆದೊಯ್ಯುವ ಆಸೆ ನಡೆಸುವವರಿಗೆ ಹುಟ್ಟುತ್ತದೆ, ಅದು ಆಟಕ್ಕೆ ಒಳ್ಳೆಯದಲ್ಲ.

ಕಾಳಗದ ಲೆಕ್ಕಕ್ಕೆ ಲಿಬ್ರೆ ಆಫೀಸಿನ ಕ್ಯಾಲ್ಕ್ ಆಗಲಿ ಗೂಗಲ್ ಶೀಟ್ಸ್ ಆಗಲಿ, ಇಂಥ ಲೆಕ್ಕಹಾಳೆಯ ತಂತ್ರಾಂಶ ಸಾಕು. ಹೆಸರು, ಸರದಿಯ ಅಂಕ, ಒಟ್ಟು ಹಿಟ್ ಪಾಯಿಂಟು, ಆಗಿರುವ ಗಾಯ, ಉಳಿದದ್ದು, ಸ್ಥಿತಿ ಎಂದು ಕಾಲಂಗಳನ್ನು ಮಾಡಿ, ಸರದಿಯ ಅಂಕವನ್ನು ಇಳಿಕೆಯ ಕ್ರಮದಲ್ಲಿ ವಿಂಗಡಿಸಿದರೆ ಅದೇ ಸರದಿಪಟ್ಟಿ. ಉಳಿದದ್ದನ್ನು ಹಾಳೆಯೇ ಕಳೆದು ತೋರಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸರದಿಯ ಅಂಕವನ್ನು ರ‍್ಯಾಂಡ್‌ಬಿಟ್ವೀನ್ ಎಂಬ, ಎರಡು ಸಂಖ್ಯೆಗಳ ನಡುವಿನ ಯಾವುದೋ ಒಂದನ್ನು ಆರಿಸಿಕೊಡುವ ಸೂತ್ರದಿಂದ ಪಡೆದರೆ, ಹಾಳೆಯಲ್ಲಿ ಬೇರೆ ಯಾವ ಮನೆಯನ್ನು ತಿದ್ದಿದರೂ ಆ ಸೂತ್ರ ಮತ್ತೆ ಲೆಕ್ಕಹಾಕಿ ಹೊಸ ಅಂಕ ಕೊಡುತ್ತದೆ. ಒಬ್ಬನ ಗಾಯ ಬರೆದೊಡನೆ ಎಲ್ಲರ ಸರದಿಯೂ ಕಲಸಿಹೋಗುತ್ತದೆ. ಅಂಕ ಬಂದ ಕೂಡಲೇ ಸೂತ್ರವನ್ನು ಬಿಟ್ಟು ಬೆಲೆಯನ್ನು ಮಾತ್ರ ಅದೇ ಜಾಗದಲ್ಲಿ ಅಂಟಿಸಿಬಿಡಬೇಕು.

ಕಾಳಗ ನಿಧಾನವಾಗುವುದಕ್ಕೆ ತಂತ್ರಾಂಶದ ಹೊರಗೂ ಪರಿಹಾರವಿದೆ. ತಾವು ಬಳಸುವ ನಿಯಮಪಠ್ಯವೇ ಒಂದೇ ಬಗೆಯ ಶತ್ರುಗಳ ಗುಂಪಿಗೆ ಒಂದೇ ಸಲ ಸರದಿಯ ದಾಳ ಹಾಕಲು ಹೇಳುತ್ತದೆ. ಪ್ರತಿ ಶತ್ರುವಿನ ವಿವರದಲ್ಲಿಯೂ ದಾಳದ ಸೂತ್ರದ ಜೊತೆಗೆ ಸರಾಸರಿಯೂ ಇರುತ್ತದೆ. ಗಾಬ್ಲಿನ್ ಎಂಬ ಪುಟ್ಟ ರಾಕ್ಷಸನಿಗೆ ಎರಡು ಆರುಮುಖದ ದಾಳಗಳ ಬದಲು 7 ಹಿಟ್ ಪಾಯಿಂಟು, ಅದರ ಬಾಗುಕತ್ತಿಯ ಏಟಿಗೆ 5 ಎಂದು ನೇರವಾಗಿ ತೆಗೆದುಕೊಳ್ಳಬಹುದು. ಎಂಟು ಶತ್ರುಗಳ ಎಂಟು ಸರದಿ ಒಂದಾಗಿ, ಏಟಿನ ದಾಳಗಳು ಇಲ್ಲವಾದರೆ ತಮ್ಮ ಕೆಲಸ ಅರ್ಧಕ್ಕರ್ಧ ಇಳಿಯುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಇದ್ದದ್ದು ಕಾಗದ, ಪೆನ್ಸಿಲು, ದಾಳಗಳೇ. ಹಾಗಾಗಿ ಕೈಲೆಕ್ಕಕ್ಕೆ ಒಗ್ಗುವ ದಾರಿಗಳು ನಿಯಮಗಳೊಳಗೇ ಇವೆ; ತಂತ್ರಾಂಶ ಕೊಳ್ಳುವ ಮುನ್ನ ಅವುಗಳನ್ನು ಒಮ್ಮೆ ಹುಡುಕಿ ನೋಡಬೇಕು.

ಉತ್ತರ: ಇಪ್ಪತ್ತುಮುಖ (ಕುವೆಂಪುನಗರ, ಮೈಸೂರು)

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಹುಬ್ಬಳ್ಳಿಯ ಗೆಳೆಯರನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ನಾಲ್ವರು ಮೇಜಿನ ಮೇಲಿನ ನಕ್ಷೆಯನ್ನು ನೋಡುತ್ತಿರುವಾಗ ಐದನೆಯವರು ಫೋನಿನಲ್ಲಿ ಮಾತು ಮಾತ್ರ ಕೇಳಿಸಿಕೊಳ್ಳುತ್ತಿದ್ದರೆ, ಅವರು ನಿಧಾನವಾಗಿ ಆಟದಿಂದ ದೂರವಾಗುತ್ತಾರೆ. ಅವರಿಗಾಗಿಯಾದರೂ ನಕ್ಷೆ ಗಣಕದಲ್ಲಿರಬೇಕು. ಇದು ಸೌಕರ್ಯಕ್ಕಿಂತ ಹೆಚ್ಚಾಗಿ ಗೆಳೆತನದ ಪ್ರಶ್ನೆ ಎಂದು ನನಗೆ ತೋರುತ್ತದೆ.

ತಮ್ಮ ಪರಿಸ್ಥಿತಿಗೆ ಫೌಂಡ್ರಿ ಹೊಂದುತ್ತದೆ ಎಂದು ಹೇಳಲು ಕಾರಣವಿದೆ. ಅದನ್ನು ತಿಂಗಳ ಬಾಡಿಗೆ ಕಟ್ಟದೆ ಒಮ್ಮೆ ಹಣ ಕೊಟ್ಟು ಕೊಳ್ಳಬಹುದು. ಆಟ ನಡೆಸುವವರೊಬ್ಬರು ಕೊಂಡರೆ ಸಾಕು, ಉಳಿದವರು ಬ್ರೌಸರಿನಲ್ಲಿ ಸೇರಿಕೊಳ್ಳುತ್ತಾರೆ. ಮುಖ್ಯವಾಗಿ ಅದು ತಮ್ಮ ಲ್ಯಾಪ್‌ಟಾಪಿನಲ್ಲಿಯೇ ಓಡುತ್ತದೆ. ಮೊದಲ ಸಲ ಪರವಾನಗಿಯನ್ನು ದೃಢಪಡಿಸಲು ಇಂಟರ್‌ನೆಟ್ ಬೇಕಾದರೂ, ಆಮೇಲೆ ಮನೆಯ ವೈಫೈ ಜಾಲದೊಳಗೆ ಹೊರಗಿನ ಸಂಪರ್ಕವಿಲ್ಲದೆಯೂ ಆಡಬಹುದು. ಎಲ್ಲವೂ ಹೊರಗಿನ ಸರ್ವರಿನಲ್ಲಿರುವ ಸೇವೆಗಳಲ್ಲಿ ಸಂಪರ್ಕ ಕಡಿದರೆ ಎದುರಿಗೆ ಕೂತಿರುವವರ ಆಟವೂ ನಿಲ್ಲುತ್ತದೆ; ಇಲ್ಲಿ ನಿಲ್ಲುವುದು ಹುಬ್ಬಳ್ಳಿಯವರ ಭಾಗವೊಂದೇ. ಹಣ ಕೊಡುವುದು ಬೇಡವೆಂದರೆ ಮ್ಯಾಪ್‌ಟೂಲ್ ಇದೆ. ಅದು ಮುಕ್ತ ತಂತ್ರಾಂಶ, ಕಲಿಯಲು ಸ್ವಲ್ಪ ತಾಳ್ಮೆ ಬೇಡುತ್ತದೆ.

ಎಲ್ಲರೂ ಪರದೆ ನೋಡುತ್ತ ಕೂರಬಾರದೆಂದು ತಾವು ಬರೆದದ್ದು ಸರಿ. ನಮ್ಮ ಮನೆಯಲ್ಲಿ ಆಟಗಾರರ ಮುಂದೆ ಗಣಕವೇ ಇರುವುದಿಲ್ಲ. ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ತಂತಿಯಿಂದ ಟಿವಿಯನ್ನು ಜೋಡಿಸಿ, ಅದರಲ್ಲಿ ಇನ್ನೊಂದು ಬ್ರೌಸರ್ ತೆರೆದು, ಆಟಗಾರನೊಬ್ಬನ ಖಾತೆಯಿಂದ ಪ್ರವೇಶಿಸಿದರೆ, ಆಟಗಾರರು ನೋಡಬೇಕಾದಷ್ಟು ಮಾತ್ರ ಟಿವಿಯಲ್ಲಿ ಕಾಣುತ್ತದೆ. ನಕ್ಷೆಯ ಮೇಲೆ ಗೋಡೆಗಳನ್ನು ಗುರುತಿಸಿಟ್ಟರೆ ಪ್ರತಿ ಪಾತ್ರ ನಿಂತ ಜಾಗದಿಂದ ಏನು ಕಾಣುತ್ತದೋ ಅದನ್ನಷ್ಟೇ ತಂತ್ರಾಂಶ ತೆರೆದು ತೋರಿಸುತ್ತದೆ. ಪಂಜು ಹಿಡಿದವನ ಸುತ್ತ ಬೆಳಕು, ಆಚೆಗೆ ಕತ್ತಲೆ. ಕೋಟೆಯ ನೆಲಮಾಳಿಗೆಯಲ್ಲಿ ಕಥೆ ನಡೆಯುವಾಗ ಇದರಿಂದ ಹುಟ್ಟುವ ಭಯವನ್ನು ಕಾಗದದ ನಕ್ಷೆಯಲ್ಲಿ ತರುವುದು ಬಹಳ ಕಷ್ಟ. ಫೋನುಗಳಲ್ಲಿ ಫೌಂಡ್ರಿ ಸರಿಯಾಗಿ ನಡೆಯುವುದಿಲ್ಲ, ಅದನ್ನು ದೊಡ್ಡ ಪರದೆಗಾಗಿಯೇ ರೂಪಿಸಿದ್ದಾರೆ. ಹುಬ್ಬಳ್ಳಿಯವರ ಬಳಿ ಲ್ಯಾಪ್‌ಟಾಪ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಫೋನಿನಲ್ಲಿಯೇ ಆಡಬೇಕೆಂದರೆ ಔಲ್‌ಬೇರ್ ರೋಡಿಯೋ ಎಂಬ ಹಗುರವಾದ ಸೇವೆ ಮೇಲು.

ದ್ವೀಪದ ನಕ್ಷೆಯ ಬಗ್ಗೆ ಒಂದು ಲೆಕ್ಕ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಕೋಟೆಗಳನ್ನು ಆಟಕ್ಕೆ ತರುವವರೆಲ್ಲ ಇಲ್ಲಿ ಎಡವುತ್ತಾರೆ. ಈ ನಿಯಮಗಳಲ್ಲಿ ಕಾಳಗದ ಒಂದು ಚೌಕವೆಂದರೆ 5 ಅಡಿ. ಶ್ರೀರಂಗಪಟ್ಟಣದ ದ್ವೀಪ ಸುಮಾರು 5 ಕಿಲೋಮೀಟರ್ ಉದ್ದವಿದೆ ಎಂದಿಟ್ಟುಕೊಂಡರೆ ಆ ಉದ್ದಕ್ಕೆ 3,280 ಚೌಕಗಳಾಗುತ್ತವೆ. ಚೌಕಕ್ಕೆ 100 ಪಿಕ್ಸೆಲ್‌ನಂತೆ ಚಿತ್ರ ಮಾಡಿದರೆ ಅದರ ಉದ್ದ 3,28,000 ಪಿಕ್ಸೆಲ್. ಹೆಚ್ಚಿನ ಗಣಕಗಳ ಗ್ರಾಫಿಕ್ಸ್ ವ್ಯವಸ್ಥೆ ಒಂದು ಚಿತ್ರದ ಒಂದು ಬದಿಗೆ 8,192 ಅಥವಾ 16,384 ಪಿಕ್ಸೆಲ್ ದಾಟಿದರೆ ಕೈಚೆಲ್ಲುತ್ತದೆ. ಹಾಗಾಗಿ ಇಡೀ ದ್ವೀಪವನ್ನು ಚೌಕಗಳಿಲ್ಲದ ಒಂದು ಚಿತ್ರವಾಗಿ ಇಟ್ಟು, ಅದರ ಮೇಲೆ ನೀರಬಾಗಿಲು, ಸ್ನಾನಘಟ್ಟ, ಮದ್ದಿನ ಮನೆ ಮೊದಲಾದ ಜಾಗಗಳಿಗೆ ಗುರುತಿನ ಮೊಳೆ ನೆಟ್ಟು, ಕಾಳಗ ನಡೆಯಬಹುದಾದ ತಾಣಗಳಿಗೆ ಮಾತ್ರ ಪ್ರತ್ಯೇಕ ದೃಶ್ಯ ಮಾಡಬೇಕು. 40 ಚೌಕ ಉದ್ದ, 30 ಚೌಕ ಅಗಲದ ದೃಶ್ಯವೆಂದರೆ 4,000 ಮತ್ತು 3,000 ಪಿಕ್ಸೆಲ್. ನೀರಬಾಗಿಲ ಬಳಿಯ ಕಾಳಗಕ್ಕೆ ಅಷ್ಟು ಧಾರಾಳವಾಗಿ ಸಾಕು. ಚಿತ್ರವನ್ನು ಕಡತದ ಗಾತ್ರ ಕಿರಿದಾಗಿಸುವ ವೆಬ್‌ಪಿ ಮಾದರಿಯಲ್ಲಿ ಉಳಿಸಿದರೆ ಹುಬ್ಬಳ್ಳಿಗೆ ಬೇಗ ತಲುಪುತ್ತದೆ.

ಹೊರಗಿನವರನ್ನು ಸೇರಿಸಿಕೊಳ್ಳುವಾಗ ಎದುರಾಗುವ ತೊಡಕು ಇನ್ನೊಂದು. ಮನೆಯ ಲ್ಯಾಪ್‌ಟಾಪನ್ನು ಹೊರಗಿನಿಂದ ತಲುಪಲು ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿ, ಅಂದರೆ ಹೊರಗಿನ ಕರೆಯನ್ನು ಆ ಲ್ಯಾಪ್‌ಟಾಪಿಗೆ ಕಳುಹಿಸುವ ದಾರಿ ತೆರೆಯಿರಿ, ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಫೌಂಡ್ರಿ ಬಳಸುವ ಪೋರ್ಟ್ 30000. ಆದರೆ ಅನೇಕ ಬ್ರಾಡ್‌ಬ್ಯಾಂಡ್ ಕಂಪನಿಗಳು ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು (ಇಂಟರ್‌ನೆಟ್ಟಿನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಹಲವು ಮನೆಗಳಿಗೆ ಹಂಚಿಕೊಟ್ಟಿರುವುದರಿಂದ, ರೂಟರಿನಲ್ಲಿ ಏನು ಬದಲಾಯಿಸಿದರೂ ಹೊರಗಿನವರಿಗೆ ದಾರಿ ತೆರೆಯುವುದಿಲ್ಲ. ರೂಟರಿನ ಪುಟದಲ್ಲಿ ಕಾಣುವ ವಿಳಾಸವೂ, ಹೊರಗಿನ ಜಾಲತಾಣವೊಂದು ತೋರಿಸುವ ತಮ್ಮ ವಿಳಾಸವೂ ಬೇರೆಬೇರೆಯಾಗಿದ್ದರೆ ತಮ್ಮದೂ ಅಂಥದೇ ಸಂಪರ್ಕವೆಂದು ತಿಳಿಯಿರಿ. ಆಗ ಕಂಪನಿಯಿಂದ ಸ್ಥಿರ ಐಪಿ ವಿಳಾಸವನ್ನು ಕೇಳಿ ಪಡೆಯಬೇಕು, ಇಲ್ಲವೇ ಎರಡೂ ಗಣಕಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ವಿಪಿಎನ್ ಬಳಸಬೇಕು.

ಉತ್ತರ: ಅಕ್ಷರಜೋಡಣೆ (ಮೈಸೂರು)

ಕನ್ನಡದ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ತಾವು ಈಗಾಗಲೇ ಟೈಪು ಮಾಡಿರುವ ನಿಯಮಗಳು ಎಲ್ಲ ಗಣಕಗಳಿಗೂ ತಿಳಿಯುವ ಯೂನಿಕೋಡ್ ಸಂಕೇತಗಳಲ್ಲಿವೆಯೇ, ಹಳೆಯ ನುಡಿ ಅಥವಾ ಬರಹದ ಫಾಂಟುಗಳಲ್ಲಿವೆಯೇ ಎಂಬುದನ್ನು ಮೊದಲು ನೋಡಬೇಕು. ಹಳೆಯ ಪದ್ಧತಿಯಲ್ಲಿ ಕಡತದೊಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಆ ಫಾಂಟು ಇದ್ದಲ್ಲಿ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಅಂಥ ಕಡತವನ್ನು ಬ್ರೌಸರಿನಲ್ಲಿ ನಡೆಯುವ ಯಾವ ತಂತ್ರಾಂಶಕ್ಕೆ ಹಾಕಿದರೂ ಅರ್ಥವಿಲ್ಲದ ಅಕ್ಷರಗಳ ಸಾಲು ಬರುತ್ತದೆ. ಪರಿವರ್ತಕಗಳಿಂದ ಯೂನಿಕೋಡಿಗೆ ತಂದು, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ತಿದ್ದಿಕೊಳ್ಳಬೇಕು. ಪಿಡಿಎಫ್‌ನಿಂದ ನಕಲಿಸುವುದನ್ನು ಬಿಟ್ಟುಬಿಡಿ, ಅಲ್ಲಿ ಸ್ವರಚಿಹ್ನೆಗಳ ಕ್ರಮವೇ ಆಗಾಗ ಕೆಟ್ಟಿರುತ್ತದೆ.

ಅಕ್ಷರಗಳು ಕಾಣುವ ಮಟ್ಟಿಗೆ ಇಂದಿನ ಬ್ರೌಸರುಗಳು ಕನ್ನಡವನ್ನು ಚೆನ್ನಾಗಿಯೇ ಜೋಡಿಸುತ್ತವೆ. ತಂತ್ರಾಂಶದ ಸ್ವಂತ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಗಣಕದಲ್ಲಿರುವ ಬೇರೊಂದು ಕನ್ನಡ ಫಾಂಟನ್ನು ಅದು ತೆಗೆದುಕೊಳ್ಳುತ್ತದೆ. ಹಾಗಾಗಿ ಟೋಕನ್ನಿನ, ಅಂದರೆ ನಕ್ಷೆಯ ಮೇಲೆ ಪಾತ್ರವನ್ನು ತೋರಿಸುವ ಬಿಲ್ಲೆಯ, ಕೆಳಗಿನ ಹೆಸರು ತಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ರೀತಿ, ಹುಬ್ಬಳ್ಳಿಯಲ್ಲಿ ಇನ್ನೊಂದು ರೀತಿ ಕಂಡೀತು. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಫೌಂಡ್ರಿಯ ಫಾಂಟುಗಳ ಪಟ್ಟಿಗೆ ಸೇರಿಸಿಟ್ಟರೆ ಈ ವ್ಯತ್ಯಾಸ ಕಡಿಮೆಯಾಗುತ್ತದೆ.

ನಿಜವಾದ ತೊಂದರೆ ಇರುವುದು ಅಂಕಿಗಳಲ್ಲಿ. ಪಾತ್ರದ ಹಾಳೆಯಲ್ಲಿ ೧೨ ಎಂದು ಕನ್ನಡ ಅಂಕಿಯಲ್ಲಿ ಬರೆಯುವುದು ಕಣ್ಣಿಗೆ ಚೆಂದ, ನನಗೂ ಅದೇ ಇಷ್ಟ. ಆದರೆ ಈ ತಂತ್ರಾಂಶಗಳಲ್ಲಿ ಹೆಚ್ಚಿನವು ಜಾವಾಸ್ಕ್ರಿಪ್ಟಿನಲ್ಲಿ ನಡೆಯುತ್ತವೆ, ಆ ಭಾಷೆಯು ಕನ್ನಡ ಅಂಕಿಗಳನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ. ಪೈಥಾನ್ ಭಾಷೆ ಒಪ್ಪುತ್ತದೆ. ತಾವೇ ಚಿಕ್ಕ ಪ್ರೋಗ್ರಾಂ ಬರೆದುಕೊಳ್ಳುವುದಾದರೆ ಅದು ನೆನಪಿರಲಿ. ಲೆಕ್ಕಕ್ಕೆ ಒಳಪಡುವ ಎಲ್ಲ ಜಾಗಗಳಲ್ಲಿಯೂ 0ಯಿಂದ 9ರವರೆಗಿನ ಅಂಕಿಗಳನ್ನೇ ಬಳಸಿ, ಕನ್ನಡ ಅಂಕಿಗಳನ್ನು ಮುದ್ರಿಸಿ ಕೊಡುವ ಹಾಳೆಗಳಿಗೆ ಮೀಸಲಿಡಿ. ದಾಳದ ಸೂತ್ರದಲ್ಲಿಯೂ ಇಂಗ್ಲಿಷಿನ ಡಿ ಅಕ್ಷರವೇ ಇರಬೇಕು; ಎರಡು ಆರುಮುಖದ ದಾಳಗಳಿಗೆ 2d6 ಎಂದು ಬರೆಯುವ ರೂಢಿಯ ಅಕ್ಷರವದು.

ಇನ್ನು ಹುಡುಕಾಟ. ಕಣ್ಣಿಗೆ ಒಂದೇ ಆಗಿ ಕಾಣುವ ಹೆಸರು ಒಳಗೆ ಎರಡು ಬಗೆಯಾಗಿರಬಹುದು. ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಜೋಡಿಸದಿರುವ ಸಂಕೇತವನ್ನು ಕೆಲವು ಕೀಲಿಮಣೆಗಳು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಒಬ್ಬರು ಫೋನಿನಲ್ಲಿ, ಇನ್ನೊಬ್ಬರು ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿದ ಒಂದೇ ಹೆಸರು ಹುಡುಕಿದಾಗ ಸಿಗದಿರುವುದು ಇದರಿಂದ. ಪಾತ್ರಗಳ ಮತ್ತು ಊರುಗಳ ಹೆಸರನ್ನು ಒಂದು ಪಟ್ಟಿಯಲ್ಲಿ ಒಮ್ಮೆ ಬರೆದಿಟ್ಟು, ಪ್ರತಿ ಸಲವೂ ಅಲ್ಲಿಂದಲೇ ನಕಲಿಸಿ ಅಂಟಿಸುವ ಅಭ್ಯಾಸ ಮಾಡಿಕೊಳ್ಳಿ. ಆಬ್ಸಿಡಿಯನ್‌ನಲ್ಲಿ ಕೊಂಡಿ ಬರೆಯುವಾಗ ಅದು ಇರುವ ಹೆಸರುಗಳನ್ನು ಸೂಚಿಸುವುದರಿಂದ ಅಲ್ಲಿ ಈ ಕಷ್ಟ ಕಡಿಮೆ.

ಉತ್ತರ: ಕವಡೆ (ಶ್ರೀರಂಗಪಟ್ಟಣ)

ದಾಳದ ಬಗ್ಗೆ ನನ್ನ ಅಭಿಪ್ರಾಯ ದೃಢವಾಗಿದೆ. ಮೇಜಿನ ಬಳಿ ಇರುವವರು ಕೈಯಲ್ಲಿಯೇ ದಾಳ ಹಾಕಬೇಕು, ದೂರದಲ್ಲಿರುವವರು ತಂತ್ರಾಂಶದಲ್ಲಿ ಹಾಕಲಿ. ಗಣಕದ ದಾಳ ಮೋಸವೆಂಬ ಸಂಶಯದಿಂದ ಹೀಗೆ ಹೇಳುತ್ತಿಲ್ಲ. ಫೌಂಡ್ರಿ ಬಳಸುವ ಮರ್ಸೆನ್ ಟ್ವಿಸ್ಟರ್ ಎಂಬ ವಿಧಾನ ಆಟಕ್ಕೆ ಬೇಕಾದಷ್ಟು ಸಮವಾದ ಹಂಚಿಕೆಯನ್ನೇ ಕೊಡುತ್ತದೆ; ಅಗ್ಗದ ಪ್ಲಾಸ್ಟಿಕ್ ದಾಳಗಳಿಗಿಂತ ಅದೇ ಹೆಚ್ಚು ನಿಷ್ಪಕ್ಷಪಾತಿ ಎನ್ನಬಹುದು. ಆದರೆ ದಾಳ ಉರುಳಿ ನಿಲ್ಲುವವರೆಗೆ ಎಲ್ಲರೂ ಉಸಿರು ಬಿಗಿಹಿಡಿಯುವ ಆ ಕ್ಷಣ ಗುಂಪಿನ ಎಲ್ಲರದೂ ಆಗಿರುತ್ತದೆ, ಗುಂಡಿಯೊತ್ತಿದಾಗ ಬರುವ ಅಂಕಿ ಒತ್ತಿದವರದು ಮಾತ್ರ.

ಗಣಕ ನಿಜವಾಗಿ ಸಹಾಯ ಮಾಡುವುದು ಆಟಕ್ಕೆ ಮುಂಚಿನ ಲೆಕ್ಕದಲ್ಲಿ. ಇಪ್ಪತ್ತುಮುಖದ ದಾಳದಲ್ಲಿ 20 ಬೀಳುವ ಸಾಧ್ಯತೆ ನೂರಕ್ಕೆ 5. ಎರಡು ದಾಳ ಹಾಕಿ ದೊಡ್ಡದನ್ನು ತೆಗೆದುಕೊಳ್ಳುವ ಅನುಕೂಲವಿದ್ದರೆ ಅದು 9.75ಕ್ಕೆ ಏರುತ್ತದೆ, ಸರಾಸರಿ 10.5ರಿಂದ ಸುಮಾರು 13.8ಕ್ಕೆ ಹೋಗುತ್ತದೆ. ಎನಿಡೈಸ್ ಎಂಬ ಜಾಲತಾಣದಲ್ಲಿ ಯಾವ ದಾಳಗಳ ಕೂಟಕ್ಕಾದರೂ ಇಂಥ ಲೆಕ್ಕವನ್ನು ಕೂಡಲೇ ನೋಡಬಹುದು. ತಾವೇ ನಿಯಮ ಬದಲಾಯಿಸುವಾಗ ಇದು ಬಹಳ ಉಪಯುಕ್ತ.

ನಮ್ಮ ನಾಡಿನ ಕಥೆಗೆ ನಮ್ಮ ಸಾಧನವನ್ನೂ ತರಬಹುದೆಂದು ಒಂದು ಸಲಹೆ ಕೊಡುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಎಷ್ಟು ಆಸಕ್ತರಾಗಿದ್ದರೆಂಬುದು ಮೈಸೂರಿನವರಿಗೆ ತಿಳಿದೇ ಇದೆ, ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಅಂಥ ಆಟಗಳ ಪ್ರದರ್ಶನಗಳನ್ನೂ ನಡೆಸುತ್ತ ಬಂದಿದ್ದಾರೆ. ಹೀಗಿರುವ ಊರಿನಲ್ಲಿ ಚೌಕಾಬಾರದ ಕವಡೆಗಳನ್ನು ಪಾತ್ರಾಭಿನಯದ ಆಟಕ್ಕೆ ತರುವುದು ಅಸಹಜವೇನಲ್ಲ. ನಾಲ್ಕು ಕವಡೆ ಎಸೆದಾಗ ಬಾಯಿ ಮೇಲಾಗಿ ಬಿದ್ದವುಗಳ ಎಣಿಕೆಯೇ ಅಂಕ; ನಾಲ್ಕೂ ಮೇಲಾದರೆ ಚೌಕ ಅಂದರೆ 4, ನಾಲ್ಕೂ ಕವುಚಿ ಬಿದ್ದರೆ ಬಾರ ಅಂದರೆ 8. ಪ್ರತಿ ಕವಡೆಯೂ ಸಮಪಾಲಾಗಿ ಬೀಳುವುದಾದರೆ ಚೌಕ, ಬಾರ ಎರಡಕ್ಕೂ ನೂರಕ್ಕೆ 6.25ರ ಸಾಧ್ಯತೆ. ಆದರೆ ಕವಡೆ ಹಾಗೆ ಸಮವಾಗಿ ಬೀಳುವ ವಸ್ತುವಲ್ಲ. ಬಾಯಿ ಮೇಲಾಗುವ ಸಾಧ್ಯತೆ ನೂರಕ್ಕೆ 40 ಎಂದಿಟ್ಟುಕೊಂಡರೆ ಬಾರ ಸುಮಾರು 13ಕ್ಕೆ ಏರಿ, ಚೌಕ 2.6ರ ಹತ್ತಿರಕ್ಕೆ ಇಳಿದುಬಿಡುತ್ತದೆ. ಹುಬ್ಬಳ್ಳಿಯವರಿಗೆ ತಂತ್ರಾಂಶದಲ್ಲಿ ಕವಡೆ ಮಾಡಿಕೊಡುವುದಾದರೆ, ತಮ್ಮ ಮನೆಯ ಕವಡೆಗಳನ್ನೇ ಕೆಲವು ನೂರು ಸಲ ಎಸೆದು, ಬರೆದಿಟ್ಟು, ಆ ಪ್ರಮಾಣವನ್ನೇ ಸೂತ್ರಕ್ಕೆ ಹಾಕಬೇಕು. ಇಲ್ಲದಿದ್ದರೆ ಮೇಜಿನ ಬಳಿಯವರಿಗೊಂದು ವಿಧಿ, ದೂರದವರಿಗೊಂದು ವಿಧಿ ಆಗುತ್ತದೆ.

ಪ್ರಶ್ನೆ ಕೇಳಿದವರು: ಸರಸ್ವತೀಪುರ ನಿವಾಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಟಿಪ್ಪಣಿಗಳನ್ನು ಆಬ್ಸಿಡಿಯನ್ನಿಗೆ ತರುವುದೆಂದೂ, ಕಾಳಗದ ನಕ್ಷೆಗಳಿಗೆ ಮಾತ್ರ ಫೌಂಡ್ರಿಯನ್ನು ಟಿವಿಯಲ್ಲಿ ತೋರಿಸುವುದೆಂದೂ, ದಾಳಗಳು ಕೈಯಲ್ಲಿಯೇ ಇರಲಿ ಎಂದೂ ಗೆಳೆಯರೊಂದಿಗೆ ಮಾತಾಡಿ ನಿರ್ಧರಿಸಿದ್ದೇವೆ. ಹುಬ್ಬಳ್ಳಿಯ ಗೆಳೆಯರ ಬಳಿ ಲ್ಯಾಪ್‌ಟಾಪ್ ಇದೆ. ಬೆಟ್ಟದ ಊರಿನ ಜಾತ್ರೆಯ ಪ್ರಸಂಗವೊಂದು ಮುಂದೆ ಬರುವುದರಿಂದ, ಅಲ್ಲಿ ಹರಕೆಯ ಫಲ ನೋಡಲು ಕವಡೆಗಳನ್ನು ಬಳಸುವ ಯೋಚನೆಯೂ ಇದೆ. ಆಟದ ನಡುವೆ ಕರೆಂಟು ಹೋದರೆ ಏನು ಸಿದ್ಧತೆ ಇರಬೇಕು, ಬರೆದದ್ದೆಲ್ಲ ಕಳೆದುಹೋಗದಂತೆ ಎಲ್ಲಿ ಉಳಿಸಿಡಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಇಪ್ಪತ್ತುಮುಖ (ಕುವೆಂಪುನಗರ, ಮೈಸೂರು)

ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ, ರೂಟರಿಗೆ ಇರುವುದಿಲ್ಲ. ಕರೆಂಟು ಹೋದಾಗ ಮೊದಲು ಕಡಿಯುವುದು ಹುಬ್ಬಳ್ಳಿಯ ಸಂಪರ್ಕ. ರೂಟರಿಗೆಂದೇ ಸಿಗುವ ಚಿಕ್ಕ ಯುಪಿಎಸ್ ಒಂದನ್ನು ಹಾಕಿಕೊಳ್ಳಿ, ಕೊಳ್ಳುವಾಗ ರೂಟರಿನ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟೇಜಿಗೆ ಅದು ಹೊಂದುತ್ತದೆಯೇ ಎಂದು ನೋಡಿಕೊಳ್ಳಿ. ಟಿವಿ ಆರಿದರೆ ಲ್ಯಾಪ್‌ಟಾಪನ್ನೇ ಆಟಗಾರರ ಕಡೆ ತಿರುಗಿಸುವ ಮುನ್ನ, ತಮ್ಮ ಖಾತೆಯ ಪರದೆಯಲ್ಲಿ ಎಲ್ಲ ರಹಸ್ಯಗಳೂ ತೆರೆದಿರುತ್ತವೆ ಎಂಬುದನ್ನು ಮರೆಯಬೇಡಿ.

ಉಳಿಸಿಡುವ ವಿಷಯದಲ್ಲಿ ಒಂದನ್ನು ಒತ್ತಿ ಹೇಳುತ್ತೇನೆ. ಫೌಂಡ್ರಿಯ ದತ್ತಾಂಶದ ಫೋಲ್ಡರನ್ನು ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ನಂಥ ತಾನಾಗಿ ಹೊಂದಿಸಿಕೊಳ್ಳುವ ಜಾಗದೊಳಗೆ ಇಡಬೇಡಿ. ಆಟ ನಡೆಯುವಾಗ ಅದರ ಕಡತಗಳು ಸತತವಾಗಿ ಬದಲಾಗುತ್ತಿರುತ್ತವೆ, ನಡುವೆ ಹೊರಗಿನ ತಂತ್ರಾಂಶ ಕೈಹಾಕಿದರೆ ಅವು ಕೆಡಬಹುದು. ಆಟ ಮುಗಿಸಿ, ಫೌಂಡ್ರಿಯನ್ನು ಪೂರ್ತಿ ಮುಚ್ಚಿದ ಮೇಲೆ, ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲಿಸಿ. ಆವೃತ್ತಿಯನ್ನು ಮೇಲೇರಿಸುವ ಮುನ್ನವೂ ಹೀಗೆಯೇ ಮಾಡಿ; ಕಥೆಯ ಮುಖ್ಯ ಘಟ್ಟದಲ್ಲಿರುವಾಗ ಆವೃತ್ತಿ ಬದಲಾಯಿಸುವ ಕೆಲಸಕ್ಕೆ ಹೋಗದಿರುವುದೇ ಲೇಸು. ಆಬ್ಸಿಡಿಯನ್ನಿನ ಟಿಪ್ಪಣಿಗಳು ಸರಳ ಪಠ್ಯವಾದ್ದರಿಂದ ಅವನ್ನು ಎಲ್ಲಿ ಬೇಕಾದರೂ ನಕಲಿಸಿಡಬಹುದು. ಆಯಾ ದಿನದ ಶತ್ರುಗಳ ವಿವರ ಮತ್ತು ಪಾತ್ರಗಳ ಹಾಳೆಗಳನ್ನು ಮಾತ್ರ ಮುದ್ರಿಸಿ ಹತ್ತಿರ ಇಟ್ಟುಕೊಂಡಿರಿ, ಕರೆಂಟು ತಡವಾಗಿ ಬಂದರೂ ಆ ಹಾಳೆಗಳಿಂದಲೇ ಆಟ ಮುಂದುವರಿಸಬಹುದು.